ಕರಿಕೋಟು ಕಳಚಿಟ್ಟ ಮೇಲೆ



"ಕೋರ್ಟಿಗೆ ಹೋಗು, ಕೋರ್ಟಿಗೆ ಹೋಗು ಅಂತೀರಲ್ಲ ಅಕ್ಕಾ, ನಮ್ಮ ಯಜಮಾನ್ರು ದಿನಾ ಹೋಗೋದೇ ಅಲ್ಲಿಗೆ!"

ಹೀಗೆಂದು ನಕ್ಕ ಹೆಣ್ಣುಮಗಳ ಮೊಣಕೈಯಿಂದ ಮಣಿಕಟ್ಟಿನವರೆಗೆ ನೀಲಿಗಟ್ಟಿತ್ತು. ಅವಳ ಗಂಡ ವಕೀಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕರಲ್ಲಿ ಒಂದು ಊರಿನವನು. ಯಾವ ಊರೆಂದು ನಾವು ಬರೆಯುವುದಿಲ್ಲ. ಬರೆದರೆ ಸಂಜೆಯೊಳಗೆ ಕೋರ್ಟಿನ ಎದುರಿನ ಟೀ ಅಂಗಡಿಯಲ್ಲಿ ಅವಳ ಗುರುತು ಸಿಕ್ಕಿಬಿಡುವಷ್ಟು ಚಿಕ್ಕ ಊರುಗಳು ಇವು.

ಮದುವೆಯಲ್ಲಿ ಕೇಳಿದ್ದು ಒಂದು ಸೈಟು, ಒಡವೆ, ಮತ್ತು ಹುಡುಗ ಸ್ವಂತ ಆಫೀಸು ತೆರೆಯಲು ಅಡ್ವಾನ್ಸು ಹಣ. ಮೇಜು, ಕುರ್ಚಿ, ಕಾನೂನಿನ ಪುಸ್ತಕಗಳ ಬೀರು ಎಲ್ಲವೂ ಅವಳ ಅಪ್ಪ ರೇಷ್ಮೆಗೂಡು ಮಾರಿದ ದುಡ್ಡಿನಲ್ಲಿ ಬಂದದ್ದು. ಆ ಬೀರುವಿನಲ್ಲಿ ವರದಕ್ಷಿಣೆ ನಿಷೇಧ ಕಾಯ್ದೆಯ ಪುಸ್ತಕವೂ ಇದೆಯಂತೆ. ಹೊಡೆದ ರಾತ್ರಿ ಅವನೇ ಕೂತು ವಿವರಿಸುತ್ತಾನಂತೆ: ನೀನು ಯಾವ ಕಲಮಿನಲ್ಲಿ ದೂರು ಕೊಡಬಹುದು, ಸ್ಟೇಷನ್ನಿನಲ್ಲಿ ಏನು ಕೇಳುತ್ತಾರೆ, ನನಗೆ ಎಷ್ಟು ದಿನದಲ್ಲಿ ಜಾಮೀನು ಸಿಗುತ್ತದೆ, ಆಮೇಲೆ ಎಷ್ಟು ವಾಯಿದೆ ತೆಗೆದುಕೊಂಡರೆ ನಿನ್ನಪ್ಪ ಸುಸ್ತಾಗುತ್ತಾನೆ. ಬೈಗುಳಕ್ಕಿಂತ ಈ ವಿವರಣೆಗೇ ತನಗೆ ಹೆಚ್ಚು ಭಯ ಎಂದಳು.

ಆದರೂ ಅವಳು ಪ್ರಯತ್ನ ಮಾಡಿದ್ದಳು. ಮೊದಲು ಹೋದ ವಕೀಲರು "ಅಣ್ಣನ ಥರ ಹೇಳ್ತೀನಿ ಕೇಳಮ್ಮ, ರಾಜಿ ಮಾಡ್ಕೊ" ಎಂದರು. ಎರಡನೆಯವರು ಕಾಗದಪತ್ರ ಇಟ್ಟುಕೊಂಡರು. ಸಾಯಂಕಾಲ ಅವೇ ಕಾಗದಗಳು ಗಂಡನ ಕೈಯಲ್ಲಿದ್ದವು. ಮೂರನೆಯವರು ಹೆಂಗಸು. ಬಾಗಿಲು ಹಾಕಿಕೊಂಡು ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ, "ನಾಳೆ ನಾನು ಇದೇ ಬಾರಿನಲ್ಲಿ ಕೂರಬೇಕಲ್ಲ ಅಕ್ಕ, ಒಂದು ಕೇಸೂ ಬರದ ಹಾಗೆ ಮಾಡಿಬಿಡ್ತಾರೆ" ಎಂದರು. ಆಕೆಯನ್ನು ನಾವು ಬೈಯಲಾರೆವು. ಮನೆಯಲ್ಲಿ ಹೊಡೆತ ತಿನ್ನುವವಳ ಹೆದರಿಕೆ, ವೃತ್ತಿಯಲ್ಲಿ ಒಬ್ಬಂಟಿಯಾದವಳ ಹೆದರಿಕೆ, ಎರಡೂ ಒಂದೇ ಕಡೆಯಿಂದ ಬರುತ್ತವೆ.

ವಕೀಲರ ಸಂಘದ ಹಿರಿಯರೊಬ್ಬರನ್ನು ನಾವು ಕೇಳಿದಾಗ ಅವರ ಉತ್ತರ ಚಿಕ್ಕದಾಗಿತ್ತು. "ಅದು ಅವನ ಖಾಸಗಿ ವಿಷಯ ಕಣಮ್ಮ. ಕೋರ್ಟಿನಲ್ಲಿ ಅವನ ನಡತೆ ಸರಿ ಇದೆ." ಈ ಸಂಚಿಕೆಯ ಸಂಪಾದಕೀಯವನ್ನು ಆ 'ಖಾಸಗಿ' ಎಂಬ ಮಾತಿಗಾಗಿಯೇ ಮೀಸಲಿಡುತ್ತಿದ್ದೇವೆ.

ಒಂದು ಸಂಗತಿ ಬಹಳ ಜನರ ಗಮನಕ್ಕೆ ಬಂದಿಲ್ಲ. ಈ ದೇಶದ ವಕೀಲರ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1961ರ ಮೇ 19ರಂದು. ವರದಕ್ಷಿಣೆ ನಿಷೇಧ ಕಾಯ್ದೆಗೆ ಅಂಕಿತ ಬಿದ್ದದ್ದು ಮಾರನೆಯ ದಿನ, ಮೇ 20ರಂದು. ಒಂದು ದಿನದ ಅಂತರದಲ್ಲಿ ಹುಟ್ಟಿದ ಈ ಎರಡು ಕಾಯ್ದೆಗಳು ಅರವತ್ತು ವರ್ಷ ದಾಟಿದರೂ ಒಂದರ ಮುಖ ಒಂದು ನೋಡಿದಂತಿಲ್ಲ. ವರದಕ್ಷಿಣೆ ತೆಗೆದುಕೊಳ್ಳುವುದು ಅಪರಾಧ ಎಂದು ಎರಡನೆಯ ಕಾಯ್ದೆ ಹೇಳುತ್ತದೆ. ಆ ಅಪರಾಧ ಮಾಡಿದವನು ಮಾರನೆಯ ದಿನ ಕರಿಕೋಟು ಹಾಕಿಕೊಂಡು ಅದೇ ಕಾಯ್ದೆಯಡಿ ವಾದಿಸಬಹುದೇ ಎಂದು ಮೊದಲನೆಯದನ್ನು ಜಾರಿಮಾಡುವವರು ಕೇಳುವುದೇ ಇಲ್ಲ.

ಕೇಳಲು ಅಧಿಕಾರ ಇಲ್ಲವೆಂದಲ್ಲ. ವಕೀಲರ ಕಾಯ್ದೆಯ 35ನೇ ಕಲಂ ಓದಿ ನೋಡಿ. "ವೃತ್ತಿಸಂಬಂಧಿ ಅಥವಾ ಇತರ ದುರ್ನಡತೆ"ಗಾಗಿ ವಕೀಲರನ್ನು ವಿಚಾರಣೆಗೆ ಒಳಪಡಿಸಬಹುದು ಎಂದಿದೆ. ಎಚ್ಚರಿಕೆ ಕೊಡಬಹುದು, ಇಷ್ಟು ಕಾಲ ವಕಾಲತ್ತು ಮಾಡದಂತೆ ಅಮಾನತಿನಲ್ಲಿಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. 'ಅಥವಾ ಇತರ' ಎಂಬ ಈ ಎರಡು ಪದಗಳು ಬ್ರಿಟಿಷರ ಕಾಲದ 1926ರ ಬಾರ್ ಕೌನ್ಸಿಲ್ ಕಾಯ್ದೆಯಿಂದಲೇ ಬಂದಿವೆ. ಕಕ್ಷಿದಾರರ ಹಣ ನುಂಗುವುದು, ಎದುರಾಳಿಯೊಂದಿಗೆ ಶಾಮೀಲಾಗುವುದು ಇವೆಲ್ಲ ವೃತ್ತಿಸಂಬಂಧಿ ದುರ್ನಡತೆ ಆಯಿತು. ಕೋರ್ಟಿನ ಗೇಟು ದಾಟಿದ ಮೇಲಿನ ನಡತೆ ಲೆಕ್ಕಕ್ಕಿಲ್ಲ ಎನ್ನುವುದಾದರೆ 'ಇತರ' ಎಂದು ಬರೆದದ್ದು ಯಾತಕ್ಕೆ?

ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಇನ್ನೂ ಸ್ಪಷ್ಟ. ವಕೀಲನಾದವನು ಎಲ್ಲ ಸಮಯದಲ್ಲೂ ನ್ಯಾಯಾಲಯದ ಅಧಿಕಾರಿಯ, ಸಮಾಜದ ವಿಶೇಷ ಹಕ್ಕುಳ್ಳ ಸದಸ್ಯನ ಮತ್ತು ಒಬ್ಬ 'ಜಂಟಲ್‌ಮನ್'ನ ಘನತೆಗೆ ತಕ್ಕಂತೆ ನಡೆದುಕೊಳ್ಳಬೇಕು. ಬೇರೆಯವರಿಗೆ ನ್ಯಾಯಸಮ್ಮತವಾದದ್ದು ಕೂಡ ವಕೀಲನಿಗೆ ಅನುಚಿತವಾಗಬಹುದು ಎನ್ನುತ್ತವೆ. (ಜಂಟಲ್‌ಮನ್ ಎಂಬ ಪದ ನಮ್ಮದಲ್ಲ, ಅವರದೇ. ವಕೀಲೆಯರು ಯಾರ ಘನತೆಗೆ ತಕ್ಕಂತೆ ನಡೆಯಬೇಕೋ ನಿಯಮ ಹೇಳುವುದಿಲ್ಲ.) 'ಎಲ್ಲ ಸಮಯದಲ್ಲೂ' ಎಂದರೆ ರಾತ್ರಿ ಹತ್ತು ಗಂಟೆಯ ಅಡುಗೆಮನೆಯೂ ಸೇರುತ್ತದೆ ಎಂದು ನಾವು ಓದಿಕೊಳ್ಳುತ್ತೇವೆ.

ಸುಪ್ರೀಂ ಕೋರ್ಟು ಕೂಡ ಹಾಗೇ ಓದಿದೆ. ಉತ್ತರ ಪ್ರದೇಶದ ಬದಾಯೂಂನ ವಕೀಲನೊಬ್ಬ 1971ರಲ್ಲಿ ಕೋರ್ಟಿನ ಕೋಣೆಯಲ್ಲೇ ಎದುರಾಳಿಯ ಮೇಲೆ ಚಾಕುವಿನಿಂದ ಹಲ್ಲೆ ಮಾಡಿದ. ಕೊಲೆಯತ್ನಕ್ಕಾಗಿ ಅವನಿಗೆ ಮೂರು ವರ್ಷ ಶಿಕ್ಷೆಯಾಯಿತು. ರಾಜ್ಯದ ವಕೀಲರ ಪರಿಷತ್ತಿಗೆ ಮೂರು ವರ್ಷ ವಕಾಲತ್ತು ನಿಲ್ಲಿಸಿದರೆ ಸಾಕು ಎನಿಸಿತ್ತು. ಹಿಕ್ಮತ್ ಅಲಿ ಖಾನ್ ಪ್ರಕರಣ ಎಂದು ಹೆಸರಾದ ಆ ಮೊಕದ್ದಮೆಯಲ್ಲಿ 1997ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇಂಥವನು ವಕೀಲನಾಗಿ ಉಳಿಯಲು ಯೋಗ್ಯನಲ್ಲ ಎಂದು ಪಟ್ಟಿಯಿಂದ ಅವನ ಹೆಸರನ್ನೇ ತೆಗೆಸಿತು. ನ್ಯಾಯಪೀಠದ ಕಣ್ಣೆದುರು ನಡೆದ ಹಲ್ಲೆಗೆ ಇಪ್ಪತ್ತಾರು ವರ್ಷ. ನಮ್ಮ ಅಡುಗೆಮನೆಗಳಲ್ಲಿ ನ್ಯಾಯಾಧೀಶರು ಕೂತಿರುವುದಿಲ್ಲ.

ಇನ್ನೊಂದು ವಿಚಿತ್ರವಿದೆ. 1973ರ ತಿದ್ದುಪಡಿಯಿಂದ ಸೇರಿದ 24ಎ ಕಲಮಿನ ಪ್ರಕಾರ ನೈತಿಕ ಅಧಃಪತನದ ಅಪರಾಧಕ್ಕೆ ಶಿಕ್ಷೆಯಾದವರು, ಅಸ್ಪೃಶ್ಯತೆ ಆಚರಿಸಿ ಶಿಕ್ಷೆಯಾದವರು ವಕೀಲರಾಗಿ ನೋಂದಾಯಿಸಿಕೊಳ್ಳುವಂತಿಲ್ಲ. ಬಿಡುಗಡೆಯಾಗಿ ಎರಡು ವರ್ಷವಾದರೆ ಆ ತಡೆ ಹೋಗುತ್ತದೆ. ಅಸ್ಪೃಶ್ಯತೆ ಕೋರ್ಟಿನೊಳಗೆ ನಡೆಯುವಂಥದ್ದಲ್ಲ. ಊರ ಬಾವಿಯಲ್ಲಿ, ಹೋಟೆಲಿನಲ್ಲಿ, ಗುಡಿಯ ಬಾಗಿಲಲ್ಲಿ ನಡೆಯುವಂಥದ್ದು. ಆದರೂ ಅಂಥವನು ಸಂವಿಧಾನದ ಹೆಸರಲ್ಲಿ ವಾದ ಮಾಡುವಂತಿಲ್ಲ ಎಂದು ಸಂಸತ್ತು ಒಪ್ಪಿತು. ಹಾಗಾದರೆ ವಕೀಲನ ಖಾಸಗಿ ಬದುಕು ಎಂಬುದಕ್ಕೂ ಒಂದು ಮೇರೆ ಇದೆ ಎಂದು ಕಾನೂನೇ ಒಪ್ಪಿದಂತಾಯಿತಲ್ಲ? ಆದರೆ ಈ ಪ್ರಶ್ನೆಯೆಲ್ಲ ಹೊಸ್ತಿಲಲ್ಲಿ ಮಾತ್ರ. ಒಮ್ಮೆ ಸನ್ನದು ಕೈಗೆ ಬಂದಮೇಲೆ ಶಿಕ್ಷೆಯಾದರೂ ಹೆಸರು ತಾನಾಗಿ ಹೋಗುವುದಿಲ್ಲ. ಯಾರಾದರೂ ದೂರು ಕೊಡಬೇಕು ಅಥವಾ ಪರಿಷತ್ತು ತಾನೇ ಎಚ್ಚೆತ್ತು ವಿಚಾರಣೆ ಮಾಡಬೇಕು.

ಬೇರೆಯವರ ಪಾಡು ನೋಡಿ. ಕೇಂದ್ರ ಸರ್ಕಾರದ ನೌಕರನಿಗೆ 1964ರ ನಡತೆ ನಿಯಮಗಳಿವೆ: ವರದಕ್ಷಿಣೆ ಕೊಡುವಂತಿಲ್ಲ, ತೆಗೆದುಕೊಳ್ಳುವಂತಿಲ್ಲ, ಹೆಂಡತಿ ಇರುವಾಗ ಇನ್ನೊಂದು ಮದುವೆಯಾಗುವಂತಿಲ್ಲ. ನಮ್ಮ ರಾಜ್ಯದ ನೌಕರರಿಗೂ ಎರಡನೇ ಮದುವೆ ನಿಷಿದ್ಧ. ಚಿಂತಾಮಣಿಯ ಶಾಲಾ ಮೇಷ್ಟ್ರು ಎರಡನೇ ಮದುವೆಯಾದರೆ ಇಲಾಖಾ ವಿಚಾರಣೆ ನಡೆದು ಕೆಲಸಕ್ಕೇ ಸಂಚಕಾರ ಬರಬಹುದು. ಆ ಮೇಷ್ಟ್ರ ಕೇಸು ನಡೆಸುವ ವಕೀಲರಿಗೆ ಅದೇ ಕೆಲಸಕ್ಕೆ ಯಾರೂ ಒಂದು ನೋಟೀಸು ಕಳಿಸುವುದಿಲ್ಲ. ಅಷ್ಟೇ ಅಲ್ಲ, ಅವರಿಗೆ ದಾರಿಯೂ ಗೊತ್ತು. ಎರಡನೇ ಮದುವೆಯ ಅಪರಾಧ ಸಾಬೀತಾಗಬೇಕಾದರೆ ಮದುವೆಯ ವಿಧಿಗಳು ನಡೆದದ್ದಕ್ಕೆ ಪುರಾವೆ ಬೇಕೆಂದು 1965ರಲ್ಲೇ ಸುಪ್ರೀಂ ಕೋರ್ಟು ಭಾವೂರಾವ್ ಲೋಖಂಡೆ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಕಾನೂನು ಬಲ್ಲವನ ಎರಡನೇ ಮದುವೆಯಲ್ಲಿ ಹೋಮವೂ ಇರುವುದಿಲ್ಲ, ಸಪ್ತಪದಿಯೂ ಇರುವುದಿಲ್ಲ, ಫೋಟೋವಂತೂ ಇರುವುದೇ ಇಲ್ಲ. ಮೋಸಹೋದವರು ಇಬ್ಬರು: ಮೊದಲ ಹೆಂಡತಿ ಒಬ್ಬಳು, ತಾನೂ ಹೆಂಡತಿ ಎಂದು ನಂಬಿದ ಎರಡನೆಯವಳು ಇನ್ನೊಬ್ಬಳು.

'ಖಾಸಗಿ' ಎಂಬ ಮಾತು ಸುಳ್ಳಾಗುವುದು ಇಲ್ಲೇ. ಕಮ್ಮಾರ ಹೆಂಡತಿಗೆ ಹೊಡೆದರೆ ಅದೂ ದೌರ್ಜನ್ಯವೇ, ಅವನಿಗೂ ಶಿಕ್ಷೆಯಾಗಬೇಕು. ಆದರೆ ಅವನ ಹೆಂಡತಿ ನ್ಯಾಯ ಕೇಳಲು ಹೋಗುವ ದಾರಿ ಅವನ ಕುಲುಮೆಯ ಮೂಲಕ ಹಾಯುವುದಿಲ್ಲ. ವಕೀಲನ ಹೆಂಡತಿಯ ದಾರಿ ಗಂಡನ ಕಸುಬಿನ ಒಳಗಿಂದಲೇ ಹಾಯಬೇಕು. ಅವನ ವೃತ್ತಿಜ್ಞಾನ, ವೃತ್ತಿಯ ಗೆಳೆತನ, ಪೋಲೀಸು ಸ್ಟೇಷನ್ನಿನ ಪರಿಚಯ ಎಲ್ಲವೂ ಅವಳ ವಿರುದ್ಧ ಆಯುಧ. ಅವಳ ಒಂದೊಂದು ಅರ್ಜಿಗೂ ಫೀಸು, ಬಸ್ಸು, ಕೂಲಿ ನಷ್ಟ. ಅವನು ಹೂಡುವ ವಿಚ್ಛೇದನದ ದಾವೆಗೆ, ಮಗುವಿನ ದಾವೆಗೆ, ಮಾವನ ಜಮೀನಿನ ಮೇಲಿನ ದಾವೆಗೆ ಕಾಗದದ ಖರ್ಚು ಮಾತ್ರ. ಪ್ರತಿದಿನ ವೃತ್ತಿಯನ್ನೇ ಬಳಸಿ ನಡೆಸುವ ದೌರ್ಜನ್ಯ ವೃತ್ತಿಗೆ ಸಂಬಂಧಿಸಿದ್ದಲ್ಲ ಎಂದರೆ ಒಪ್ಪುವುದು ಹೇಗೆ?

ಸಹೋದ್ಯೋಗಿಯ ವಿರುದ್ಧ ಯಾರೂ ವಕಾಲತ್ತು ಹಾಕಬಾರದು ಎಂದು ವಕೀಲರ ಸಂಘಗಳು ಠರಾವು ಮಾಡುವುದುಂಟು. ಇಂಥ ಠರಾವು ಕಾನೂನುಬಾಹಿರ, ಅದಕ್ಕೆ ಯಾವ ಬೆಲೆಯೂ ಇಲ್ಲ ಎಂದು 2010ರ ಡಿಸೆಂಬರಿನಲ್ಲಿ ಮೊಹಮ್ಮದ್ ರಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಖಂಡತುಂಡವಾಗಿ ಹೇಳಿತು. ಆದರೆ ನಮ್ಮ ಊರುಗಳಲ್ಲಿ ಠರಾವಿನ ಅಗತ್ಯವೇ ಬೀಳುವುದಿಲ್ಲ. ಒಂದು ಕೆಮ್ಮು, ಒಂದು ನೋಟ, "ನಮ್ಮವನೇ ಅಲ್ವಾ" ಎಂಬ ಒಂದು ಮಾತು ಸಾಕು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ, ನಿಜ. 1987ರ ಕಾಯ್ದೆ ಆ ಹಕ್ಕು ಕೊಟ್ಟಿದೆ. ಆದರೆ ಸಮಿತಿಯ ಪಟ್ಟಿಯಲ್ಲಿರುವವರು ಅದೇ ಬಾರಿನವರು. ಕೆಲವೊಮ್ಮೆ ಹೊಡೆಯುವವನ ಹೆಸರೇ ಆ ಪಟ್ಟಿಯಲ್ಲಿರಲು ಯಾವ ಅಡ್ಡಿಯೂ ಇಲ್ಲ. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಕೇಸು ವರ್ಗ ಮಾಡಿಸಿಕೊಂಡರೆ ಆಯಿತಲ್ಲ ಎನ್ನುವವರು ಸೋಮವಾರ ಅಲ್ಲಿ, ಬುಧವಾರ ಇಲ್ಲಿ ಓಡಾಡುವ ವಕೀಲರನ್ನು ಕಂಡಿಲ್ಲ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾದಾಗ, ಜಿಲ್ಲಾ ಕೋರ್ಟು ಹತ್ತಿರ ಬಂತೆಂದು ಎಲ್ಲರಂತೆ ನಾವೂ ಸಂತೋಷಪಟ್ಟೆವು. ಇಂಥ ಹೆಂಗಸರಿಗೆ ಮಾತ್ರ ಕೋರ್ಟು ದೂರವಿದ್ದರೇ ಉಸಿರಾಡಲು ಜಾಗವಿತ್ತೇನೋ ಎಂದು ಈಗ ಅನಿಸುತ್ತದೆ.

ಇಷ್ಟು ಹೇಳಿದ ಮೇಲೆ ನಮ್ಮೊಳಗೇ ಇರುವ ಒಂದು ಅಳುಕನ್ನೂ ಹೇಳಬೇಕು. ವಕೀಲರ 'ಅನೈತಿಕ ನಡತೆ'ಗೆ ಶಿಸ್ತುಕ್ರಮ ಎಂದ ಕೂಡಲೇ ಚಪ್ಪಾಳೆ ತಟ್ಟುವವರಿದ್ದಾರೆ. ಆ ಚಪ್ಪಾಳೆ ನಮಗೆ ಬೇಡ. 'ಅನೈತಿಕ' ಎಂಬ ಪದ ಯಾರ ಮೇಲೆ ಬೀಳುತ್ತದೆಂದು ನಾವು ದಿನಪತ್ರಿಕೆಯಲ್ಲಿ ನೋಡುತ್ತಲೇ ಇದ್ದೇವೆ. "ಅನೈತಿಕ ಸಂಬಂಧ ಹಿನ್ನೆಲೆ: ಪತ್ನಿ ಕೊಲೆ" ಎಂಬ ತಲೆಬರಹದಲ್ಲಿ ಕೊಂದವನು ಅನೈತಿಕನಲ್ಲ, ಸತ್ತವಳು. ನಾಳೆ ಪರಿಷತ್ತಿಗೆ ನೀತಿಯ ಕೋಲು ಕೊಟ್ಟರೆ ಅದು ಮೊದಲು ಬೀಳುವುದು ಜಾತಿ ಮೀರಿ ಮದುವೆಯಾದ ಕಿರಿಯ ವಕೀಲೆಯ ಮೇಲೆ, ಗಂಡನನ್ನು ಬಿಟ್ಟು ಒಬ್ಬಳೇ ಬಾಡಿಗೆ ಮನೆಯಲ್ಲಿರುವವಳ ಮೇಲೆ, ಸಂಜೆ ಸೀನಿಯರ್ ಆಫೀಸಿನಿಂದ ತಡವಾಗಿ ಹೊರಡುವವಳ ಮೇಲೆ. ವಕೀಲಿಗೆ ಯಾರು ಯೋಗ್ಯರು ಎಂದು ತೀರ್ಮಾನಿಸುವವರ ಚರಿತ್ರೆಯೂ ಅಷ್ಟೇನೂ ಚೆನ್ನಾಗಿಲ್ಲ. 1916ರಲ್ಲಿ ಕಲ್ಕತ್ತಾ ಹೈಕೋರ್ಟು ರೆಜಿನಾ ಗುಹಾ ಅವರನ್ನು ಹೆಂಗಸೆಂಬ ಒಂದೇ ಕಾರಣಕ್ಕೆ ಹೊರಗಿಟ್ಟಿತು. 1921ರಲ್ಲಿ ಪಾಟ್ನಾ ಹೈಕೋರ್ಟು ಸುಧಾಂಶುಬಾಲಾ ಹಜ್ರಾ ಅವರಿಗೆ ಅದನ್ನೇ ಮಾಡಿತು. 1923ರ ಕಾಯ್ದೆ ಬಂದ ಮೇಲೆಯೇ ಬಾಗಿಲು ತೆರೆದದ್ದು. ಸೆರೆಮನೆಗೆ ಹೋದ ಗಾಂಧಿಯವರ ಹೆಸರನ್ನು 1922ರಲ್ಲಿ ಲಂಡನ್ನಿನ ಇನ್ನರ್ ಟೆಂಪಲ್ ಹೊಡೆದುಹಾಕಿತು. ಮತ್ತೆ ಸೇರಿಸಿದ್ದು 1988ರಲ್ಲಿ, ಅವರು ತೀರಿಕೊಂಡು ನಲವತ್ತು ವರ್ಷವಾದ ಮೇಲೆ.

ಆದ್ದರಿಂದ ನಮ್ಮ ಗೆರೆ ಎಲ್ಲಿ ಎಂದು ನಾವೇ ಎಳೆದು ತೋರಿಸಬೇಕು. ವಯಸ್ಕರಿಬ್ಬರು ಒಪ್ಪಿ ಇಟ್ಟುಕೊಂಡ ಸಂಬಂಧ ಯಾವ ಪರಿಷತ್ತಿನ ಸೊತ್ತೂ ಅಲ್ಲ. ವ್ಯಭಿಚಾರ ಅಪರಾಧವೆಂಬ ಹಳೆಯ ಕಲಮನ್ನು 2018ರಲ್ಲಿ ಸುಪ್ರೀಂ ಕೋರ್ಟೇ ತೆಗೆದುಹಾಕಿದೆ. ಯಾರು ಯಾರೊಂದಿಗೆ ಓಡಾಡಿದರು ಎಂಬುದು ನಮ್ಮ ದೂರಲ್ಲ. ನಮ್ಮ ದೂರು ಹೊಡೆತದ ಬಗ್ಗೆ, ವರದಕ್ಷಿಣೆಯ ಬಗ್ಗೆ, ಸುಳ್ಳು ಹೇಳಿ ಮಾಡಿಕೊಂಡ ಮದುವೆಯ ಬಗ್ಗೆ, ಜೀವನಾಂಶದ ಆದೇಶವನ್ನು ಜೇಬಿನಲ್ಲಿಟ್ಟುಕೊಂಡು ಹೆಂಡತಿ ಮಕ್ಕಳನ್ನು ಉಪವಾಸ ಕೆಡವುವುದರ ಬಗ್ಗೆ, ಕಷ್ಟದಲ್ಲಿ ಬಂದ ಕಕ್ಷಿದಾರಳನ್ನೇ ಬಳಸಿಕೊಳ್ಳುವುದರ ಬಗ್ಗೆ. ವೈದ್ಯರ 2002ರ ವೃತ್ತಿಸಂಹಿತೆಯಲ್ಲಿ ರೋಗಿಯೊಂದಿಗೆ ಸ್ಥಾನ ದುರುಪಯೋಗಪಡಿಸಿಕೊಂಡು ನಡೆಸುವ ಅನುಚಿತ ವರ್ತನೆಯನ್ನು ಹೆಸರಿಸಿಯೇ ದುರ್ನಡತೆ ಎಂದಿದೆ. ಹಾಗೆ ಹೆಸರಿಸಿ ಬರೆಯಲಿ. 'ನೀತಿ' ಎಂಬ ಮೋಡದಂಥ ಪದ ಬೇಡ.

498ಎ ದುರುಪಯೋಗವಾಗುತ್ತಿದೆ, ಹೆಂಡತಿ ಒಂದು ಕಾಗದ ಬರೆದರೆ ಗಂಡನ ಅನ್ನ ಕಿತ್ತುಕೊಳ್ಳಬೇಕೆ ಎಂಬ ಮಾತು ಬಂದೇ ಬರುತ್ತದೆ. (ಆ ಕಲಂ 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂಗಳಾಗಿದೆ. ಸಂಖ್ಯೆ ಬದಲಾದರೂ ದೂಷಣೆ ಬದಲಾಗಿಲ್ಲ.) ಯಾರೂ ಹಾಗೆ ಕೇಳುತ್ತಿಲ್ಲ. ದೂರು ಬಂದರೆ ವಿಚಾರಣೆ ಮಾಡಿ, ಇಬ್ಬರ ಮಾತೂ ಕೇಳಿ, ಸಾಕ್ಷಿ ಕರೆಸಿ ಎನ್ನುತ್ತಿದ್ದೇವೆ. ಸಾಕ್ಷಿ ಕರೆಸಲು ಶಿಸ್ತುಸಮಿತಿಗೆ ಸಿವಿಲ್ ಕೋರ್ಟಿನ ಅಧಿಕಾರವೇ ಇದೆ. ಸಾಬೀತಾಗದಿದ್ದರೆ ವಜಾ ಮಾಡಲಿ. ವಿಚಾರಣೆಯೇ ಬೇಡ, ಅದು ಮನೆಯ ವಿಷಯ ಎನ್ನುವುದನ್ನು ಮಾತ್ರ ಒಪ್ಪಲಾರೆವು.

ಇನ್ನು ಆ ವಿಚಾರಣೆಯ ಗತಿ. ಶಿಸ್ತುಸಮಿತಿಯಲ್ಲಿ ಇರುವವರು ಮೂವರು, ಮೂವರೂ ವಕೀಲರು. ದೂರು ಒಂದು ವರ್ಷದೊಳಗೆ ತೀರ್ಮಾನವಾಗಬೇಕೆಂದು 36ಬಿ ಕಲಂ ಹೇಳುತ್ತದೆ. ಆಗದಿದ್ದರೆ ದೆಹಲಿಯ ಭಾರತೀಯ ಪರಿಷತ್ತಿಗೆ ಹೋಗುತ್ತದೆ. ದೂರುಗಳು ಹಾಗೇ ಕೊಳೆಯುವುದನ್ನು ಕಂಡು 2021ರ ಡಿಸೆಂಬರಿನಲ್ಲಿ ಅಂಜಿನಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎಲ್ಲ ರಾಜ್ಯ ಪರಿಷತ್ತುಗಳಿಗೂ ಈ ಒಂದು ವರ್ಷದ ಗಡುವನ್ನು ನೆನಪಿಸಬೇಕಾಯಿತು. ಬೆಂಗಳೂರಿಗೆ ಹೋಗಿಬರಲು ಈಗ ಹೆಂಗಸರಿಗೆ ಬಸ್ಸು ಉಚಿತ, ಅದೊಂದು ಸಮಾಧಾನ. ಆದರೆ ಫಿಲೇಚರಿನ ಒಂದು ದಿನದ ಕೂಲಿ ಉಚಿತವಾಗಿ ಬರುವುದಿಲ್ಲ, ಮಗುವನ್ನು ನೋಡಿಕೊಳ್ಳುವವರೂ ಬೇಕು.

2024ರ ಮೇ ತಿಂಗಳಲ್ಲಿ, ವಕೀಲರ ಸೇವೆಯ ಕೊರತೆಗೆ ಗ್ರಾಹಕ ನ್ಯಾಯಾಲಯಕ್ಕೆ ಹೋಗುವಂತಿಲ್ಲ ಎಂದು ತೀರ್ಪು ಬಂತು. ಒಂದು ಬಾಗಿಲು ಮುಚ್ಚಿತು. 2025ರ ಸೆಪ್ಟೆಂಬರಿನಲ್ಲಿ, ವೃತ್ತಿಸಂಬಂಧಿ ದುರ್ನಡತೆಯ ದೂರು ಕೊಡುವವರಿಗೂ ಆ ವಕೀಲರಿಗೂ ನಡುವೆ ಸಾಮಾನ್ಯವಾಗಿ ವೃತ್ತಿಯ ಸಂಬಂಧ ಇರಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು. ಎದುರಾಳಿ ಕಕ್ಷಿಯವರು ಹಗೆ ಸಾಧಿಸಲು ವಕೀಲರ ಮೇಲೆ ದೂರು ಹೇರುವುದನ್ನು ತಡೆಯುವ ಮಟ್ಟಿಗೆ ಅದು ಸರಿಯೇ. ಆದರೆ ಹೆಂಡತಿ ಕಕ್ಷಿದಾರಳಲ್ಲ. ಅವಳ ದೂರು 'ಇತರ ದುರ್ನಡತೆ'ಯದು. ಆ ಮಾತನ್ನು ಇಲ್ಲಿಗೂ ಎಳೆದುತಂದು ಅವಳನ್ನು ಗೇಟಿನಲ್ಲೇ ವಾಪಸು ಕಳಿಸುವ ದಿನ ಬರದಂತೆ ನಾವು ಕಣ್ಣಿಟ್ಟಿರಬೇಕು. ಅದೇ ವರ್ಷದ ಡಿಸೆಂಬರಿನಲ್ಲಿ ರಾಜ್ಯ ಪರಿಷತ್ತುಗಳಲ್ಲಿ ಶೇಕಡಾ 30ರಷ್ಟು ಸ್ಥಾನ ಮಹಿಳೆಯರಿಗೆ ಇರಬೇಕೆಂಬ ನಿರ್ದೇಶನವೂ ಬಂತು. ಆ ವಕೀಲೆಯರಲ್ಲಿ ನಮ್ಮ ಕೋರಿಕೆ: ಮೊದಲು ಶಿಸ್ತುಸಮಿತಿಯಲ್ಲಿ ಕುರ್ಚಿ ಕೇಳಿ. ಉಪಸಮಿತಿ, ಸಾಂಸ್ಕೃತಿಕ ಕಾರ್ಯಕ್ರಮ ಆಮೇಲೆ ನೋಡೋಣ.

ವಕೀಲರ ಮೇಲಿನ ಹಿಂಸೆಯನ್ನು ತಡೆಯಲು ಕರ್ನಾಟಕವು 2023ರ ಡಿಸೆಂಬರಿನಲ್ಲಿ, ಬೆಳಗಾವಿ ಅಧಿವೇಶನದಲ್ಲಿ, ಒಂದು ಪ್ರತ್ಯೇಕ ಕಾಯ್ದೆಯನ್ನೇ ಮಾಡಿತು. ಬೇಕಾದ ಕಾಯ್ದೆಯೇ, ಏಕೆಂದರೆ ಹೆಂಗಸರ ಪರ ನಿಲ್ಲುವ ವಕೀಲರೂ ಏಟು ತಿಂದಿದ್ದಾರೆ. ಅದಕ್ಕಾಗಿ ಬೀದಿಗಿಳಿದು ಕೋರ್ಟು ಕಲಾಪ ಬಹಿಷ್ಕರಿಸಿದ ಸಂಘಗಳು ತಮ್ಮವರೇ ಮಾಡುವ ಹಿಂಸೆಯ ಬಗ್ಗೆ ಒಂದು ಸಾಮಾನ್ಯ ಸಭೆ ಕರೆದದ್ದುಂಟೇ?

ದೊಡ್ಡ ತಿದ್ದುಪಡಿಗಳಿಗೆ ಕಾಯುತ್ತ ಕೂರಬೇಕಿಲ್ಲ. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಯಾವ ವಕೀಲನ ವಿರುದ್ಧ ಮ್ಯಾಜಿಸ್ಟ್ರೇಟರು ಸಂರಕ್ಷಣಾ ಆದೇಶ ಕೊಟ್ಟಿದ್ದಾರೋ ಅವನನ್ನು ಕಾನೂನು ಸೇವಾ ಸಮಿತಿಯ ಪಟ್ಟಿಯಲ್ಲಿ ಇಟ್ಟುಕೊಳ್ಳಬಾರದು, ಸರ್ಕಾರಿ ವಕೀಲನನ್ನಾಗಿ ನೇಮಿಸಬಾರದು, ನೋಟರಿ ಮಾಡಬಾರದು. ಇವೆಲ್ಲ ಸರ್ಕಾರ ಮತ್ತು ನ್ಯಾಯಾಂಗ ತಾವೇ ಆರಿಸಿ ಕೊಡುವ ಸ್ಥಾನಗಳು, ಯಾರ ಮೂಲಭೂತ ಹಕ್ಕೂ ಅಲ್ಲ. ವಕೀಲನ ಹೆಂಡತಿ ಕಾನೂನು ನೆರವು ಕೇಳಿದರೆ ಬೇರೆ ಜಿಲ್ಲೆಯ ಪಟ್ಟಿಯಿಂದ ವಕೀಲರನ್ನು ಕೊಡಬೇಕು. ನಮ್ಮಲ್ಲಿ ಸಂರಕ್ಷಣಾಧಿಕಾರಿಗಳೂ ಆಗಿರುವ ಸಿ.ಡಿ.ಪಿ.ಓ.ಗಳು ಇಂಥ ದೂರು ಬಂದಾಗ "ಲಾಯರ್ ಮನೆಯವರಾ, ನೀವೇ ಮಾತಾಡಿಕೊಳ್ಳಿ" ಎಂದು ಕಳಿಸದೆ ವರದಿ ಬರೆಯಬೇಕು. ಈ ಬೇಡಿಕೆಗಳ ಮನವಿಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ರಾಜ್ಯ ವಕೀಲರ ಪರಿಷತ್ತಿಗೂ ಕೊಡಲಿದ್ದೇವೆ. ನಾಲ್ಕೂ ಊರುಗಳ ಸಂಘದ ಗೆಳತಿಯರು ಸಹಿ ಸಂಗ್ರಹಿಸಬೇಕು. ವಕೀಲರಿಂದಲೂ ಸಹಿ ಕೇಳಿ. ಗಂಡಸರಾದರೂ ನಮ್ಮ ಪರ ನಿಂತ ವಕೀಲರು ಈ ಊರುಗಳಲ್ಲಿ ಇಲ್ಲದೆ ಇಲ್ಲ, ಅವರಿಗೆ ಇದು ತಮ್ಮ ಮನೆ ಗುಡಿಸುವ ಕೆಲಸ ಎಂದು ಗೊತ್ತಿದೆ.

ಮೊದಲು ಹೇಳಿದ ಹೆಣ್ಣುಮಗಳ ಅರ್ಜಿಗೆ ಕೊನೆಗೆ ವಕಾಲತ್ತು ಹಾಕಿದವರು ಬೇರೆ ಜಿಲ್ಲೆಯಿಂದ ಬರುವ ಒಬ್ಬ ವಕೀಲೆ. ಫೀಸು ಕೇಳಿಲ್ಲ, ಕಾಗದ, ಜೆರಾಕ್ಸು ಖರ್ಚು ಮಾತ್ರ. ಮೊದಲ ವಾಯಿದೆಯ ದಿನ ಕೋರ್ಟು ಹಾಲಿನಲ್ಲಿ ಆಕೆಗೆ ಕೂರಲು ಯಾರೂ ಜಾಗ ಬಿಟ್ಟುಕೊಡಲಿಲ್ಲ. ಹಿಂದಿನ ಗೋಡೆಗೆ ಒರಗಿ ನಿಂತು ಹೆಸರು ಕೂಗುವುದನ್ನು ಕಾದರು. ಮುಂದಿನ ವಾಯಿದೆಗೆ ನಮ್ಮ ಸಂಘದಿಂದ ಹತ್ತು ಜನ ಹೋಗಿ ಹಾಲಿನ ಹಿಂದಿನ ಬೆಂಚಿನಲ್ಲಿ ಕೂರುತ್ತೇವೆ. ತೆರೆದ ಕೋರ್ಟು, ಯಾರು ಬೇಕಾದರೂ ಕೂರಬಹುದು.